ಬೋರಲಾಗಿಟ್ಟ ಚಿತ್ರ

ಕಾರೆಹುಂಡಿ, 15 ನವೆಂಬರ್ 1937, ಸೋಮವಾರ

ಹೆಗ್ಗಡದೇವನಕೋಟೆಯಿಂದ ಇವತ್ತು ಗಾಡಿಯಲ್ಲಿ ಒಂದು ಪೆಟ್ಟಿಗೆ ಬಂತು. ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಪೆಟ್ಟಿಗೆಯ ತುಂಬ ಬಣ್ಣದ ಚಿತ್ರಗಳ ದಪ್ಪ ಕಾರ್ಡುಗಳು. ಜೊತೆಗೆ ಶಾಲಾ ಇನ್ಸ್‌ಪೆಕ್ಟರ್ ಗೋವಿಂದಯ್ಯನವರ ಸೂಚನೆ. ಇದು ಭಾಷಾಬುದ್ಧಿ ಪರೀಕ್ಷೆಯಂತೆ. ಬಿಳಿಯರ ಸೀಮೆಯ ಪಂಡಿತರು ತಯಾರಿಸಿದ್ದನ್ನು ಮೈಸೂರಿನಲ್ಲಿ ಯಾರೋ ಕನ್ನಡಕ್ಕೆ ಇಳಿಸಿದ್ದಾರೆ. ಒಂದನೆಯ ತರಗತಿಯ ಮಗುವಿಗೆ ಚಿತ್ರ ತೋರಿಸಬೇಕು, ಮಗು ಅದರ ಹೆಸರು ಹೇಳಬೇಕು. ಅರ್ಧದಷ್ಟು ಚಿತ್ರಗಳಿಗಾದರೂ ಹೆಸರು ಹೇಳದ ಮಗು ‘ಕಲಿಕೆಗೆ ಅಯೋಗ್ಯ’. ಹಾಜರಿಯಿಂದ ಅದರ ಹೆಸರು ಹೊಡೆದುಹಾಕುವುದು. ಇನ್ಸ್‌ಪೆಕ್ಟರೇ ಡಿಸೆಂಬರ್ ತಿಂಗಳಲ್ಲಿ ಬಂದು ಪರೀಕ್ಷೆ ಮಾಡುತ್ತಾರೆ. ಅಲ್ಲಿಯವರೆಗೆ ಮಕ್ಕಳಿಗೆ ಕಾರ್ಡು ನೋಡುವ ರೂಢಿ ಮಾಡಿಸುವುದು ನನ್ನ ಕೆಲಸ.

ಮಕ್ಕಳು ಸೋತರೆ ಮೇಷ್ಟರೂ ಸೋತಂತೆ. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ನಂಜನಗೂಡಿನಲ್ಲಿ ಅವ್ವ ನನ್ನ ಸಂಬಳ ನಂಬಿಕೊಂಡು ತಂಗಿಗೆ ಗಂಡು ನೋಡುತ್ತಿದ್ದಾಳೆ. ಹೆಸರಿಗೆ ನಾನು ವೀರಭದ್ರಸ್ವಾಮಿ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೂ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಳ್ಳುತ್ತೇನೆ. ಮೈಸೂರಿನ ಟ್ರೈನಿಂಗ್ ಸ್ಕೂಲಿನಲ್ಲಿ ಎಲ್ಲರೂ ಅದನ್ನೇ ಹೇಳಿ ನಗುತ್ತಿದ್ದರು.

ಸಾಲದ್ದಕ್ಕೆ ಊರಿನ ಪಕ್ಕದ ಕಾಡಿನಲ್ಲಿ ಹುಲಿಯೊಂದು ಬಂದು ಸೇರಿಕೊಂಡಿದೆಯಂತೆ. ಅತ್ತ ಇನ್ಸ್‌ಪೆಕ್ಟರು, ಇತ್ತ ಹುಲಿ. ಅತ್ತ ದರಿ ಇತ್ತ ಪುಲಿ ಎಂಬ ಗಾದೆಯನ್ನು ನನಗೆಂದೇ ಮಾಡಿಟ್ಟ ಹಾಗಿದೆ. ತಮಾಷೆಯೆಂದರೆ ಈ ಊರಿನವರು ಹುಲಿಯನ್ನು ಹುಲಿ ಎನ್ನುವುದಿಲ್ಲ. ‘ದೊಡ್ಡಯ್ಯ’ ಅನ್ನುತ್ತಾರೆ, ಇಲ್ಲವೇ ಕಾಡಿನ ಕಡೆ ಗಲ್ಲ ಎತ್ತಿ ತೋರಿಸಿ ಸುಮ್ಮನಾಗುತ್ತಾರೆ. ಹುಲಿ, ಹುಲಿ, ಹುಲಿ. ಇಗೋ, ಮೂರು ಸಲ ಬರೆದೆ. ಏನೂ ಆಗಲಿಲ್ಲ.

17 ನವೆಂಬರ್, ಬುಧವಾರ

ಒಂದನೆಯ ತರಗತಿಯಲ್ಲಿ ಇರುವುದು ಐದೇ ಮಕ್ಕಳು. ನಾಲ್ವರು ಪಟೇಲ್ ಪುಟ್ಟಮಲ್ಲಪ್ಪನವರ ಮೊಮ್ಮಕ್ಕಳು. ಐದನೆಯವಳು ದನ ಕಾಯುವವರ ಕೇರಿಯ ಪುಟ್ಟಸಿದ್ದಮ್ಮ, ಎಲ್ಲರ ಬಾಯಲ್ಲಿ ಪುಟ್ಟಿ. ತಾಯಿಯಿಲ್ಲ. ತಂದೆ ಮರಿಯಯ್ಯ ಊರ ದನಗಳನ್ನು ಕಾಡಂಚಿಗೆ ಹೊಡೆದುಕೊಂಡು ಹೋಗುತ್ತಾನೆ. ಮನೆಯಲ್ಲಿ ಅಜ್ಜಿ ಕೆಂಪಾಜಮ್ಮ. ನನಗೆ ಹಾಲು ತಂದುಕೊಡುವವಳೂ ಅವಳೇ.

ಇಷ್ಟು ಮಾತಾಡುವ ಮಗುವನ್ನು ನಾನು ಕಂಡಿಲ್ಲ. ಯಾವ ಹಸು ಯಾವಾಗ ಈಯಿತು, ಯಾವ ಕರು ಯಾವ ಬೇಲಿ ಹಾರಿತು, ಎಲ್ಲವನ್ನೂ ನಾನು ಕೇಳದೆಯೇ ಹೇಳುತ್ತಾಳೆ. ನಿನ್ನೆ ಹೇಳಿದ ಪದ್ಯವನ್ನು ಇವತ್ತು ತಾನೇ ಮೇಷ್ಟರಾಗಿ ಪಟೇಲರ ಮೊಮ್ಮಕ್ಕಳಿಗೆ ಹೇಳಿಕೊಡುತ್ತಿದ್ದಳು, ಕೈಯಲ್ಲಿ ನನ್ನ ಬೆತ್ತ.

ಕಾರ್ಡುಗಳ ಮುಂದೆ ಮಾತ್ರ ಮಂಕಾದಳು. ಪಟೇಲರ ಮೊಮ್ಮಕ್ಕಳು ದಸರಾ ನೋಡಿದವರು. ರೈಲು, ಪಿಟೀಲು, ಅಂಚೆ ಪೆಟ್ಟಿಗೆ, ಮೋಟಾರು ಎಂದು ಪಟಪಟ ಹೇಳಿದರು. ಪುಟ್ಟಿ ರೈಲನ್ನು ಎತ್ತಿ ತಿರುಗಿಸಿ ನೋಡಿ, “ಸಾಲಾಗಿರೋ ಮನೆ ಅಲ್ವಾ ಮೇಷ್ಟ್ರೇ, ಹೊಗೆ ಬತ್ತಾ ಐತೆ” ಅಂದಳು. ಒಂದು ಕಾರ್ಡಿನಲ್ಲಿ ಕರಿಯ ದೊಡ್ಡ ಪೆಟ್ಟಿಗೆಯ ಮುಂದೆ ದೊರೆಸಾನಿಯೊಬ್ಬಳು ಕೂತಿದ್ದಾಳೆ. ಉತ್ತರದ ಹಾಳೆ ನೋಡಿಕೊಂಡೆ, ಪಿಯಾನೋ ಎಂದಿತ್ತು. ನಾನೂ ಫೇಲು.

ಕೊನೆಗೆ ಹುಲಿಯ ಕಾರ್ಡು ಬಂದಾಗ ನನಗೆ ಸಮಾಧಾನವಾಯಿತು. ಇದೊಂದಾದರೂ ಅವಳಿಗೆ ಗೊತ್ತಿರುತ್ತದೆ ಎಂದುಕೊಂಡೆ. ಅವಳು ನೋಡಿದಳು. ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ನೆಲದ ಮೇಲೆ ಬೋರಲಾಗಿ ಇಟ್ಟು, ಅದರ ಮೇಲೆ ತನ್ನ ಸ್ಲೇಟು ಇಟ್ಟು, ಸ್ಲೇಟಿನ ಮೇಲೆ ತಾನೇ ಕೂತಳು. ಮಿಕ್ಕ ಮಕ್ಕಳು ನಕ್ಕರು. ಅವಳು ನಗಲಿಲ್ಲ.

20 ನವೆಂಬರ್, ಶನಿವಾರ

ಹಾಲು ತಂದ ಕೆಂಪಾಜಮ್ಮನನ್ನು ಕೂರಿಸಿಕೊಂಡು, ಹುಲಿಯ ಹೆಸರು ಏಕೆ ಹೇಳುವುದಿಲ್ಲ ಎಂದು ಕೇಳಿದೆ. ಜಗಲಿಯ ಕೆಳಗೇ ಕೂತಳು, ಮೇಲೆ ಬರಲಿಲ್ಲ.

“ಎಸ್ರು ಏಳುದ್ರೆ ಕರ್ದಂಗೆ ಕಣ್ ಮೇಷ್ಟ್ರೇ. ಕರ್ದ್ ಮ್ಯಾಲೆ ಬರ್ದೆ ಇದ್ದಾದಾ?”

“ನಾವು ಮೈಸೂರಲ್ಲಿ ದಿನಾ ಅಂತೀವಿ ಅಜ್ಜಿ. ಒಂದು ದಿನವೂ ಬಂದಿಲ್ಲ.”

“ಮೈಸೂರಲ್ಲಿ ಮಾರಾಜ್ರು ಅದುನ್ನ ಬೋನಲ್ಲಿ ಮಡಗವ್ರೆ ಅಂತಾರೆ. ಎಂಗ್ ಬಂದಾದು?” ಅಂದಳು. “ಅದೂ ಅಲ್ದೆ, ಅದುಕ್ಕೆ ಯಾರ್ ಕರುದ್ರೂ ಕೇಳಾಕಿಲ್ಲ. ಈ ಊರ್ ನೀರ್ ಕುಡ್ದೋರ ದನಿ ಮಾತ್ರ ಗೊತ್ತು. ನಮ್ಮ ಮರಿಯಯ್ಯ ದಿನಾ ಅದ್ರ ಬಾಗ್ಲಲ್ಲೇ ದನ ಮೇಯಿಸ್ತಾನೆ. ಮಗು ಇಲ್ಲಿ ಎಸ್ರೆತ್ತುದ್ರೆ ಅಪ್ಪಂಗೆ ಅಲ್ಲಿ ಏನಾದಾದು, ನೀವೇ ಏಳಿ.”

ಹೆಸರಿಗೂ ಪ್ರಾಣಿಗೂ ಸಂಬಂಧವಿಲ್ಲವೆಂದು ಟ್ರೈನಿಂಗಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದಳು. ಕೊನೆಗೆ, “ಓದ್ಕಂಡಿರೋರು, ಏಳ್ತೀರಿ ಬುಡಿ” ಎಂದು ಎದ್ದಳು.

ಪುಟ್ಟಿ ಪರೀಕ್ಷೆಯಲ್ಲಿ ಸೋತರೆ ಶಾಲೆ ಬಿಡಬೇಕಾಗುತ್ತದೆ ಎಂದೆ. ನಿಂತಳು. ಪಟೇಲರ ಕೊಟ್ಟಿಗೆಗೆ ಸಗಣಿ ಬಾಚಲು ಹುಡುಗಿಯೊಬ್ಬಳು ಬೇಕೆಂದು ಹೋದ ವರ್ಷವೇ ಹೇಳಿ ಕಳಿಸಿದ್ದರಂತೆ. ಶಾಲೆಗೆ ಹೋಗುತ್ತಾಳೆ ಎಂಬ ಒಂದೇ ಮಾತಿನಿಂದ ತಪ್ಪಿದೆಯಂತೆ. “ಸಾಲೆ ಇಲ್ಲಾ ಅಂದ್ರೆ ಕೊಟ್ಟಿಗೆ ಐತಲ್ಲ” ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

29 ನವೆಂಬರ್, ಸೋಮವಾರ

ಒಂಬತ್ತು ದಿನ ಸಾಯಂಕಾಲ ಪುಟ್ಟಿಯನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದೇನೆ. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ರೈಲು ಬರೆದು ಅದರ ಮೇಲೆ ಅವಳನ್ನು ಓಡಿಸಿದೆ. ಪಿಟೀಲು ಬಾರಿಸುವವರಂತೆ ಗಲ್ಲದ ಕೆಳಗೆ ಪೊರಕೆ ಇಟ್ಟುಕೊಂಡು ಕುಯ್ಯೋ ಎಂದೆ. ಬಿದ್ದು ಬಿದ್ದು ನಕ್ಕಳು. ಒಂದು ಸಲ ಹೇಳಿದ್ದು ಮರೆಯುವುದಿಲ್ಲ. ಆದರೂ ಕೆಲವು ಕಾರ್ಡುಗಳನ್ನು ನನಗೇ ವಿವರಿಸಲಾಗುವುದಿಲ್ಲ. ದೊರೆಗಳು ಗೋಡೆಯೊಳಗೆ ಬೆಂಕಿ ಹಾಕಿಕೊಂಡು ಮುಂದೆ ಕಂಬಳಿ ಹಾಸಿಕೊಂಡು ಕೂರುವುದೇಕೆ ಎಂದು ಅವಳು ಕೇಳಿದರೆ ಏನು ಹೇಳಲಿ?

ಲೆಕ್ಕ ಹಾಕಿ ನೋಡಿದೆ. ಅರ್ಧಕ್ಕೆ ಒಂದು ಕಡಿಮೆ. ಹುಲಿ ಒಂದನ್ನು ಹೇಳಿಬಿಟ್ಟರೆ ದಡ ಸೇರುತ್ತಾಳೆ.

ನಿನ್ನೆ ಕಾಡಂಚಿನಲ್ಲಿ ಅದರ ಕೂಗು ಕೇಳಿಸಿತು. ಅಷ್ಟು ದೂರದಿಂದ ಬಂದರೂ ಎದೆಗೂಡಿನೊಳಗೇ ಕೂಗಿದಂತಿತ್ತು. ಬಾಗಿಲಿಗೆ ಒರಳು ಕಲ್ಲನ್ನು ಅಡ್ಡ ನೂಕಿದ್ದೆ. ಬೆಳಗ್ಗೆ ಅದನ್ನು ಸರಿಸಲಾಗದೆ ಶಾಲೆಗೆ ತಡವಾಯಿತು.

3 ಡಿಸೆಂಬರ್, ಶುಕ್ರವಾರ

ಇವತ್ತು ಒಂದು ಉಪಾಯ ಮಾಡಿದೆ. ಒಬ್ಬೊಬ್ಬರೇ ಹೇಳಲು ಹೆದರಿದರೆ ಎಲ್ಲರೂ ಒಟ್ಟಿಗೆ ಹೇಳಲಿ, ಮಗ್ಗಿ ಹೇಳುವ ಹಾಗೆ. ಬೆಲ್ಲದ ಚೂರು ಕೊಡುತ್ತೇನೆ ಎಂದೆ. ಪಟೇಲರ ಮೊಮ್ಮಕ್ಕಳು ಹುಲಿ ಹುಲಿ ಎಂದು ಸೂರು ಹಾರಿಹೋಗುವಂತೆ ಕೂಗಿದರು. ನಾನೂ ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡು, “ಬ್ಯಾಡಿ ಮೇಷ್ಟ್ರೇ, ನಮ್ಮಪ್ಪ ದನ ತಕ್ಕಂಡ್ ಓಗವ್ನೆ” ಎಂದು ಅಳುತ್ತಲೇ ಇದ್ದಳು. ನಾಳೆ ಸರಿಹೋಗುತ್ತಾಳೆ.

4 ಡಿಸೆಂಬರ್, ಶನಿವಾರ

ನಿನ್ನೆ ಹೊತ್ತು ಮುಳುಗುವ ಮುಂಚೆ ಮರಿಯಯ್ಯನ ಮಂದೆಯ ಮೇಲೆ ಅದು ಬಿತ್ತು. ಒಂದು ಹಸು ಹೋಯಿತು. ಬಿಡಿಸಲು ಹೋದ ಮರಿಯಯ್ಯನ ಭುಜ ಸೀಳಿದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಅಷ್ಟೇ. ಬೇರೇನೂ ಅಲ್ಲ.

ಇವತ್ತಿಗೆ ಇಷ್ಟು ಸಾಕು.

6 ಡಿಸೆಂಬರ್, ಸೋಮವಾರ

ದನ ಕಾಯುವವರ ಕೇರಿಯಿಂದ ಯಾವ ತರಗತಿಗೂ ಒಂದು ಮಗುವೂ ಬರಲಿಲ್ಲ. ಹಾಲೂ ಬರಲಿಲ್ಲ. ಬಾವಿಯ ಹತ್ತಿರ ನಾನು ಹೋದಾಗ ಹೆಂಗಸರು ಮಾತು ನಿಲ್ಲಿಸಿದರು. ಯಾರೂ ಬಯ್ಯಲಿಲ್ಲ. ಒಬ್ಬಳಂತೂ ನನಗೇ ಮೊದಲು ನೀರು ಸೇದಿ ಕೊಟ್ಟಳು.

ಆ ನೀರನ್ನು ಕುಡಿಯುವಾಗ ನನಗೆ ಒಂದು ಯೋಚನೆ ಬಂತು. ಜೂನ್ ತಿಂಗಳಿನಿಂದ ನಾನು ಕುಡಿಯುತ್ತಿರುವುದೂ ಇದೇ ಬಾವಿಯ ನೀರು.

8 ಡಿಸೆಂಬರ್, ಬುಧವಾರ

ಧೈರ್ಯ ಮಾಡಿ ಮರಿಯಯ್ಯನ ಮನೆಗೆ ಹೋದೆ. ಬಯ್ಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡೇ ಹೋದೆ. ಅವನು ಗೋಡೆಗೆ ಒರಗಿ ಕೂತಿದ್ದ. ಭುಜದ ಮೇಲೆ ಅರೆದ ಸೊಪ್ಪಿನ ಪಟ್ಟು, ಬಟ್ಟೆಯೆಲ್ಲ ಹಸಿರು. ಎದ್ದೇಳಲು ಹೋದ, ನಾನೇ ತಡೆದೆ.

“ನನ್ನಿಂದ ಹೀಗಾಯಿತು ಅಂತ ಊರವರು ಅಂತಿದ್ದಾರಂತೆ” ಎಂದೆ.

“ನಿಮಗ್ ಗೊತ್ತಿರ್ನಿಲ್ಲ ಬುಡಿ ಸ್ವಾಮಿ. ಗೊತ್ತಿದ್ ಮಾಡುದ್ರೆ ಒಂದ್ ಮಾತು” ಅಂದ. ಭುಜದ ಪಟ್ಟು ಸರಿಮಾಡಿಕೊಂಡು, “ಸುಗ್ಗಿ ಮುಗ್ಯೋಗಂಟ ದನ ಒಲುಕ್ಕೆ ಬುಡಾಕಾಗಾಕಿಲ್ಲ. ಇನ್ನ್ ನಾಕ್ ದಿನುಕ್ಕೆ ಮತ್ತೆ ಓಯ್ತೀನಿ. ನಾ ಅಲ್ಲಿರೋಗ ನಿಮ್ಮ್ ಬಾಯಲ್ಲಿ ಅದು ಬರ್ದಿದ್ರೆ ಸಾಕು. ಮಗೀನ ಕಳುಸ್ತೀನಿ” ಅಂದ.

ಕೈ ಮುಂದೆ ಚಾಚಿದ. ಅವನ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಅವಿದ್ಯಾವಂತರನ್ನು ಸಮಾಧಾನಪಡಿಸಲು ಇಂಥದ್ದೆಲ್ಲ ಬೇಕಾಗುತ್ತದೆ.

ಬಾಗಿಲ ಹಿಂದೆ ನಿಂತಿದ್ದ ಪುಟ್ಟಿ ನಾನು ಹೊರಟಾಗ ಕೇರಿಯ ತುದಿಯವರೆಗೂ ಜೊತೆಗೆ ಬಂದಳು.

13 ಡಿಸೆಂಬರ್, ಸೋಮವಾರ

ಪುಟ್ಟಿ ಶಾಲೆಗೆ ಬಂದಳು. ಹಾಲೂ ಬಂತು.

ಕಾರ್ಡಿನ ಪೆಟ್ಟಿಗೆಯನ್ನು ಶಾಲೆಯಿಂದ ಮನೆಗೆ ತಂದಿಟ್ಟುಕೊಂಡಿದ್ದೇನೆ. ಆ ಒಂದು ಕಾರ್ಡನ್ನು ಮಾತ್ರ ಬೇರೆ ತೆಗೆದು, ಬೋರಲಾಗಿ ಇಟ್ಟು, ಮೇಲೆ ರುಬ್ಬುಗುಂಡು ಇಟ್ಟಿದ್ದೇನೆ. ಗೆದ್ದಲು ಹಿಡಿಯಬಾರದಲ್ಲ.

ಇವತ್ತು ಮರಿಯಯ್ಯ ಮತ್ತೆ ದನ ಹೊಡೆದುಕೊಂಡು ಹೋದ, ಒಂದೇ ಕೈಯಲ್ಲಿ ಕೋಲು ಹಿಡಿದು. ಪಾಠ ಹೇಳುತ್ತಿದ್ದರೂ ನನ್ನ ಕಿವಿ ಕಾಡಿನ ಕಡೆಗೇ ಇತ್ತು. ಸಾಯಂಕಾಲ ದನದ ಕೊರಳ ಗಂಟೆ ಕೇಳಿಸಿದಾಗ ನಾನೂ ಪುಟ್ಟಿಯೂ ಒಟ್ಟಿಗೇ ತಲೆ ಎತ್ತಿದೆವು.

19 ಡಿಸೆಂಬರ್, ಭಾನುವಾರ

ನಾಳೆ ಇನ್ಸ್‌ಪೆಕ್ಟರು ಬರುತ್ತಾರೆ. ಆ ಕಾರ್ಡನ್ನೂ ಸೇರಿಸಿ ಪೆಟ್ಟಿಗೆಯನ್ನು ಶಾಲೆಗೆ ವಾಪಸು ಇಟ್ಟು ಬಂದೆ. ಅತ್ತ ದರಿ, ಇತ್ತ ಆ ಇನ್ನೊಂದು.

ಹೆದರಿದವರ ಮೇಲೆ ಹಾವೆಸೆದರು ಎನ್ನುವ ಹಾಗೆ, ಅವರು ಬರುತ್ತಿರುವುದು ಪಟೇಲರ ಗಾಡಿಯಲ್ಲೇ. ಹುಡುಗಿ ಸೋತರೆ ಕೊಟ್ಟಿಗೆಗೆ ಕರೆಯುವವರು ಬಾಗಿಲಲ್ಲೇ ಇರುತ್ತಾರೆ. ಏನಾದರೂ ಆಗಿ ನಾಳೆ ಮರಿಯಯ್ಯ ಕಾಡಿಗೆ ಹೋಗದಿದ್ದರೆ ಚೆನ್ನಾಗಿತ್ತು. ಹೋಗಬೇಡ ಎಂದು ಹೇಳಿಕಳಿಸಿದೆ. ದನಗಳಿಗೆ ಇನ್ಸ್‌ಪೆಕ್ಟರು ಬರುವುದು ಗೊತ್ತಿಲ್ಲ, ಅವಕ್ಕೆ ಹಸಿವಾಗುತ್ತದೆ ಎಂದು ಹೇಳಿಕಳಿಸಿದ.

20 ಡಿಸೆಂಬರ್, ಸೋಮವಾರ

ಎಲ್ಲವನ್ನೂ ನಡೆದಂತೆಯೇ ಬರೆಯಬೇಕು.

ಗೋವಿಂದಯ್ಯನವರು ಕೆಟ್ಟವರಲ್ಲ. ಮಕ್ಕಳಿಗೆಂದು ಪೆಪ್ಪರಮೆಂಟು ತಂದಿದ್ದರು. ಗಾಡಿಯಿಂದ ಇಳಿಯುತ್ತಲೇ, ದಾರಿಯಲ್ಲಿ ಅದರ ಭಯ ಇದೆಯೇನ್ರೀ ಎಂದು ಅದರ ಹೆಸರನ್ನೇ ಹೇಳಿ ಕೇಳಿದರು. ಆ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅವರು ಅಂದರೆ ಪರವಾಗಿಲ್ಲ, ಅವರು ಕುಡಿಯುವುದು ಮೈಸೂರಿನ ನಲ್ಲಿ ನೀರು.

ಪಟೇಲರ ಮೊಮ್ಮಕ್ಕಳು ಸಲೀಸಾಗಿ ಪಾಸಾದರು. ಆಮೇಲೆ ಪುಟ್ಟಿ. ತಲೆಗೆ ಎಣ್ಣೆ ಹಚ್ಚಿ ಬಾಚಿ ಕಳಿಸಿದ್ದಳು ಅಜ್ಜಿ. ರೈಲು ಹೇಳಿದಳು. ಪಿಟೀಲು ಹೇಳಿ ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. ಅಂಚೆ ಪೆಟ್ಟಿಗೆ ಹೇಳಿದಳು. ಪಿಯಾನೋ ಬರಲಿಲ್ಲ, ಗೋಡೆಯ ಬೆಂಕಿ ಬರಲಿಲ್ಲ. ನಾನು ಬೆರಳು ಮಡಿಸುತ್ತಿದ್ದೆ. ನನ್ನ ಲೆಕ್ಕದಂತೆಯೇ ಒಂದು ಕಡಿಮೆಯಾಗಿ ನಿಂತಿತು. ಉಳಿದದ್ದು ಆ ಕಾರ್ಡು.

“ಇದೇನಮ್ಮ?” ಎಂದರು.

ಪುಟ್ಟಿ ಕಾಡಿನ ಕಡೆ ಗಲ್ಲ ಎತ್ತಿದಳು. ಆಮೇಲೆ ಮೆಲ್ಲಗೆ, “ದೊಡ್ಡಯ್ಯ” ಅಂದಳು. ಅಷ್ಟು ಹೇಳುವುದಕ್ಕೇ ಅವಳ ಮೂಗಿನ ಮೇಲೆ ಬೆವರು ಬಂದಿತ್ತು.

ಗೋವಿಂದಯ್ಯನವರು ಉತ್ತರದ ಹಾಳೆ ನೋಡಿದರು. “ಇಲ್ಲಿ ಹಾಗಿಲ್ಲವಲ್ಲ. ಕಾಡಿನ ಪಕ್ಕದಲ್ಲೇ ಇದ್ದೂ ಈ ಮಗುವಿಗೆ ಇದು ಗೊತ್ತಿಲ್ಲವೇ? ಅಯ್ಯೋ ಪಾಪ.”

“ಗೊತ್ತಿದೆ ಸ್ವಾಮಿ” ಎಂದೆ. “ಅವಳಪ್ಪ ಇದರ ಬಾಯಿಂದ ತಪ್ಪಿಸಿಕೊಂಡು ಬಂದವನು. ಈಗಲೂ ಕಾಡಿನಲ್ಲೇ ಇದ್ದಾನೆ. ಹೆಸರು ಹೇಳಬಾರದು ಅಂತ ಇಲ್ಲಿಯ ಪದ್ಧತಿ.”

“ಇರಬಹುದು ಮೇಷ್ಟ್ರೇ. ಗೊತ್ತಿದ್ದೂ ಹೇಳದವರಿಗೆ ಅಂಕ ಕೊಡಲು ನನಗೆ ದಾರಿ ಇಲ್ಲ. ಮೈಸೂರಿನ ಮಗುವಿಗೂ ಇದೇ ಚಿತ್ರ, ಇಲ್ಲಿಯ ಮಗುವಿಗೂ ಇದೇ ಚಿತ್ರ. ಎಲ್ಲರಿಗೂ ಒಂದೇ ಅಳತೆ ಇರಬೇಕಲ್ಲವೇ?” ಎಂದವರು ಪೆನ್ನು ಕೆಳಗಿಟ್ಟರು. “ಒಂದು ಕೆಲಸ ಮಾಡಿ. ಮಗು ಹೆದರಿಕೊಂಡಿದ್ದರೆ ಅದರ ಮೇಷ್ಟರು ಒಂದು ಸಲ ಹೆಸರು ಹೇಳಿಕೊಡಬಹುದು ಅಂತ ನಿಯಮದಲ್ಲೇ ಇದೆ. ನೀವು ಹೇಳಿ, ಅವಳು ನಿಮ್ಮ ಹಿಂದೆ ಹೇಳಲಿ. ಪಾಸು ಮಾಡುತ್ತೇನೆ.”

ಇಷ್ಟು ಸುಲಭವಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಎರಡಕ್ಷರ. ಪುಟ್ಟಿ ನನ್ನ ಪಂಚೆಯ ಅಂಚು ಹಿಡಿದುಕೊಂಡು ಮುಖ ಎತ್ತಿದಳು.

“ನೀವ್ ಅಂದ್ರೆ ನಾನೂ ಅಂತೀನಿ ಮೇಷ್ಟ್ರೇ” ಅಂದಳು.

ನಾನು ಬಾಯಿ ತೆರೆದೆ. ಹೊರಗೆ ಬಿಸಿಲು ಇಳಿಯುತ್ತಿತ್ತು. ದನಗಳು ನೀರಿಗೆ ಇಳಿಯುವ ಹೊತ್ತು ಅದು. ಮರಿಯಯ್ಯ ಒಂದೇ ಕೈಯಲ್ಲಿ ಕೋಲು ಹಿಡಿದು ಅಲ್ಲಿ ಎಲ್ಲೋ ನಿಂತಿದ್ದ. ನನಗೆ ತುಂಬ ಭಯವಾಯಿತು. ಕೆಲಸದ ಭಯವಲ್ಲ, ಗೋವಿಂದಯ್ಯನವರ ಭಯವೂ ಅಲ್ಲ. ಇನ್ನೊಂದು ಉಸಿರಿಗೆ ಆ ಮಾತು ನನ್ನ ಬಾಯಿಂದ ಹೊರಗೆ ಹೋಗಿಬಿಡುತ್ತದೆ, ಹೋದ ಮೇಲೆ ಹಿಂದಕ್ಕೆ ಕರೆಯಲು ಬರುವುದಿಲ್ಲ ಎಂಬ ಭಯ.

“ಹೇಳಿ ಮೇಷ್ಟ್ರೇ” ಎಂದರು.

“ಗಂಟಲು ಕಟ್ಟಿದೆ ಸ್ವಾಮಿ” ಎಂದೆ.

ಗೋವಿಂದಯ್ಯನವರು ಉತ್ತರದ ಹಾಳೆಯನ್ನು ಮಡಿಸಿಟ್ಟರು. ಆಮೇಲೆ ಪೆನ್ನು ತೆಗೆದುಕೊಂಡು ಅವಳ ಹೆಸರಿನ ಮುಂದೆ ‘ಕಲಿಕೆಗೆ ಅಯೋಗ್ಯ’ ಎಂದು ಬರೆದರು. ಅದರ ಕೆಳಗೆ ನನ್ನ ಬಗ್ಗೆಯೂ ಏನೋ ಬರೆದರು. ಅವಳ ಕೈಗೆ ಪೆಪ್ಪರಮೆಂಟು ಕೊಟ್ಟು ಮನೆಗೆ ಹೋಗು ಎಂದರು. ಹಾಜರಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದದ್ದು ನಾನೇ. ಅವರು ನಿಂತು ಎಳೆಸಿದರು.

ಗಾಡಿ ಹೋದ ಮೇಲೆ ನಾನು ಮನೆಗೆ ಹೋಗಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಪುಟ್ಟಿ ಕೂತಿದ್ದಳು, ನಾನೂ ಕೂತೆ. ಗಂಟೆಯ ಸದ್ದು ಬಹಳ ತಡವಾಗಿ ಬಂತು. ಅದು ಬರುವವರೆಗೆ ನಾನು ಪಟ್ಟದ್ದನ್ನು ಬರೆಯಲಾರೆ. ಧೂಳಿನೊಳಗಿಂದ ಮರಿಯಯ್ಯ ಬಂದ. ಪುಟ್ಟಿ ಓಡಿಹೋಗಿ ಅವನ ಕಾಲು ಕಟ್ಟಿಕೊಂಡಳು.

“ಮೇಷ್ಟ್ರು ಏಳ್ನಿಲ್ಲ ಕಣಪ್ಪ” ಅಂದಳು.

ಮರಿಯಯ್ಯ ನನ್ನ ಕಡೆ ನೋಡಿ ಗಾಯವಿಲ್ಲದ ಕೈಯನ್ನು ಹಣೆಗೆ ಮುಟ್ಟಿಸಿದ. ಅವನ ಮಗಳನ್ನು ಶಾಲೆಯಿಂದ ತೆಗೆದುಹಾಕಿದೆ ಎಂದು ಅವನಿಗೆ ಆಗ ಇನ್ನೂ ಗೊತ್ತಿರಲಿಲ್ಲ. ನಾನು ಹೇಳಬೇಕಾಯಿತು.

22 ಡಿಸೆಂಬರ್, ಬುಧವಾರ

ಪಟೇಲರ ಮನೆಯಿಂದ ಕೆಂಪಾಜಮ್ಮನಿಗೆ ಆಗಲೇ ಕರೆ ಹೋಗಿದೆ.

5 ಜನವರಿ 1938, ಬುಧವಾರ

ಅವಳು ಬರುತ್ತಾಳೆ. ಬೆಳಗ್ಗೆ ಕೊಟ್ಟಿಗೆ ಬಾಚಿ, ಕಾಲು ತೊಳೆದುಕೊಂಡು, ಹಿಂದಿನ ಬಾಗಿಲಿನಿಂದ ಬಂದು ಗೋಡೆಯ ಪಕ್ಕ ಕೂರುತ್ತಾಳೆ. ಮೊದಲ ದಿನ ನಾನು ನೋಡದವನಂತೆ ಇದ್ದೆ. ಎರಡನೆಯ ದಿನ ಸ್ಲೇಟು ಕೊಟ್ಟೆ. ಈ ವಾರ ಗುಣಿತಾಕ್ಷರ ಮುಗಿಸಿದ್ದಾಳೆ. ಪಟೇಲರ ಮೊಮ್ಮಕ್ಕಳು ಇನ್ನೂ ಅರ್ಧದಲ್ಲಿದ್ದಾರೆ.

ಇದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ನನ್ನ ಮೇಲೆ ಒಂದು ವರದಿ ಆಗಲೇ ಇದೆ. ಅದಕ್ಕೇ ಜಾಗ್ರತೆಯಾಗಿದ್ದೇನೆ. ವರದಿ ಬರೆದವರ ಹೆಸರನ್ನು ಈ ಮನೆಯಲ್ಲೂ ಶಾಲೆಯಲ್ಲೂ ಎತ್ತುವುದಿಲ್ಲ. ಪೆಟ್ಟಿಗೆ ಕಳಿಸಿದವರು ಎನ್ನುತ್ತೇನೆ. ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದೇನೆ. ಅವಳ ಹೆಸರನ್ನೂ ಇನ್ನು ಮೇಲೆ ಇಲ್ಲಿ ಬರೆಯುವುದಿಲ್ಲ.

ಹಾಜರಿ ತೆಗೆದುಕೊಳ್ಳುವಾಗ ನಾಲ್ಕು ಹೆಸರು ಕೂಗುತ್ತೇನೆ. ನಾಲ್ವರೂ ಬಂದೆ ಎನ್ನುತ್ತಾರೆ. ಗೆರೆ ಎಳೆದ ಐದನೆಯ ಸಾಲಿಗೆ ಬಂದಾಗ ಬಾಯಿ ಬಿಡದೆ, ಗೋಡೆಯ ಕಡೆ ಸ್ವಲ್ಪ ಗಲ್ಲ ಎತ್ತುತ್ತೇನೆ. ಅವಳೂ ಗಲ್ಲ ಎತ್ತುತ್ತಾಳೆ. ಆಮೇಲೆ ಪಾಠ ಶುರುಮಾಡುತ್ತೇನೆ.